ಆನೆಗೊಂದಿಯಲ್ಲಿ ಗದ್ದೆ ಬಿಟ್ಟು ಹೋಂಸ್ಟೇ ಕಟ್ಟಬಹುದೇ?

ಆನೆಗೊಂದಿಯ ಗದ್ದೆಯಲ್ಲಿ ಭತ್ತ ನಿಲ್ಲಿಸಿ, ಸಾಲ ಮಾಡಿ ಹೋಂಸ್ಟೇ ಕಟ್ಟಲೇ ಎಂದು ಕೇಳಿದ್ದೀರಿ. ದಯವಿಟ್ಟು ಗದ್ದೆ ಮುಟ್ಟಬೇಡಿ ಸರ್. ನಿಮ್ಮೂರು ಹಂಪಿ ವಿಶ್ವ ಪರಂಪರೆ ಪ್ರದೇಶದ ವ್ಯಾಪ್ತಿಯೊಳಗೇ ಬರುತ್ತದೆ. ಆ ಪ್ರದೇಶವನ್ನು ನೋಡಿಕೊಳ್ಳುವ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಅನುಮತಿಯಿಲ್ಲದೆ ಕಟ್ಟಿದ್ದು ಎಷ್ಟು ವರ್ಷ ನಡೆದರೂ ಉಳಿಯುವ ಭರವಸೆಯಿಲ್ಲ. ಪಕ್ಕದ ವಿರೂಪಾಪುರ ಗಡ್ಡೆಯನ್ನೇ ನೋಡಿ. ವಿದೇಶಿಯರಿಂದ ತುಂಬಿರುತ್ತಿದ್ದ ಅಲ್ಲಿನ ರೆಸಾರ್ಟ್‌ಗಳನ್ನು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕೆಡವಿದರು. ಮಾಲೀಕರಷ್ಟೇ ಅಲ್ಲ, ಅವರನ್ನು ನಂಬಿದ್ದ ಅಡುಗೆಯವರು, ಆಟೋದವರು, ದೋಣಿಯವರ ದುಡಿಮೆಗೂ ಪೆಟ್ಟು ಬಿತ್ತು. 2011ರಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿದ್ದ ಕುಟುಂಬಗಳನ್ನೂ ಹೀಗೇ ಎಬ್ಬಿಸಿದ್ದರು. ಆ ಸಂಕಟ ನಿಮಗೆ ಬೇಡ.

ಪ್ರವಾಸಿಗರಿಂದ ಊರಿಗೆ ಒಳ್ಳೆಯದಾಗಿಲ್ಲ ಎನ್ನಲಾರೆ. ನಿಮ್ಮೂರಲ್ಲೇ ಬಾಳೆನಾರಿನ ಕೈಕೆಲಸದಿಂದ ಹೆಣ್ಣುಮಕ್ಕಳು ಸ್ವಂತ ದುಡಿಮೆ ಕಂಡಿದ್ದಾರೆ, ಅದು ದೊಡ್ಡ ಮಾತು. ಆದರೆ ಕೋಣೆ ತುಂಬುವುದು ಹೆಚ್ಚಾಗಿ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ. ಅಂಜನಾದ್ರಿಗೆ ಬರುವ ಭಕ್ತರಲ್ಲಿ ಬೆಟ್ಟ ಹತ್ತಿಳಿದು ಅಂದೇ ಹೊರಡುವವರೇ ಬಹಳ. ಬ್ಯಾಂಕಿನ ಕಂತು ಮಾತ್ರ ಹನ್ನೆರಡು ತಿಂಗಳೂ ಕಟ್ಟಬೇಕು.

ಇರುವ ಮನೆಯಲ್ಲೇ ಎರಡು ಕೋಣೆ ಸರಿಮಾಡಿ, ಮನೆಯ ರೊಟ್ಟಿ ಊಟ ಕೊಡಿ. ಅದಕ್ಕೂ ಮುಂಚೆ ಸರ್ವೆ ನಂಬರ್ ಹಿಡಿದು ಪ್ರಾಧಿಕಾರದ ಕಚೇರಿಗೆ ಹೋಗಿ, ಉತ್ತರವನ್ನು ಲಿಖಿತವಾಗಿಯೇ ಪಡೆಯಿರಿ.