ಜೆಲ್ ಬೆಳ್ಳಗಾದರೆ ಫರ್ನೇಸ್ ಏನು ಮಾಡೀತು?

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಸಿಟ್ರಿಕ್ ಆಸಿಡ್ ಜೆಲ್‌ನಿಂದ ಕೆಪಾಸಿಟರ್‌ಗೆ ಬಳಸುವ ಬೇರಿಯಂ ಟೈಟನೇಟ್ ಮಾಡುತ್ತಿದ್ದೇನೆ. ಟೈಟಾನಿಯಂ ಐಸೊಪ್ರೊಪಾಕ್ಸೈಡ್ ನೀರಿಗೆ ಬಿದ್ದ ಕೂಡಲೇ ಬೆಳ್ಳಗೆ ಗಸಿ ಕಟ್ಟುತ್ತದೆ. 700 ಡಿಗ್ರಿಗೆ ಸುಟ್ಟರೂ ಎಕ್ಸ್‌ಆರ್‌ಡಿಯಲ್ಲಿ (ಪುಡಿಯಲ್ಲಿ ಯಾವ ಸ್ಫಟಿಕ ಇದೆ ಎಂದು ತೋರಿಸುವ ಎಕ್ಸ್-ರೇ ಪರೀಕ್ಷೆ) ಬೇರಿಯಂ ಕಾರ್ಬೊನೇಟ್ ಪೀಕ್ ಹೋಗುತ್ತಿಲ್ಲ. ಬಿಸಿ ಜಾಸ್ತಿ ಮಾಡಲೇ? ಇಲ್ಲ, ಗೆಳೆಯನ ಹಾಗೆ ಯೂರಿಯಾ ಹಾಕಿ ಐದು ನಿಮಿಷದಲ್ಲಿ ಮುಗಿಸಲೇ?

ಉತ್ತರ: ಬಿಸಿ ಏರಿಸಬೇಡಿ. ಪೀಕ್ ಹೋಗಬಹುದು, ಆದರೆ ಕಣಗಳು ದಪ್ಪವಾಗುತ್ತವೆ. ದಪ್ಪ ಕಣವೇ ಸಾಕೆಂದಿದ್ದರೆ ಬೇರಿಯಂ ಕಾರ್ಬೊನೇಟ್, ಟೈಟಾನಿಯಾ (ಟೈಟಾನಿಯಂ ಆಕ್ಸೈಡ್) ಅರೆದು 1100 ಡಿಗ್ರಿಗೆ ಸುಟ್ಟರೇ ಸಾಕಿತ್ತು, ಅಲ್ವಾ?

ನಿಮ್ಮ ತೊಂದರೆ ಬೀಕರಿನಲ್ಲೇ ಇದೆ. ಐಸೊಪ್ರೊಪಾಕ್ಸೈಡ್‌ಗೆ ನೀರು ತಾಗಿದರೆ ಹಾಲು ಒಡೆದ ಹಾಗೆ ಟೈಟಾನಿಯಂ ಬೇರೆಯಾಗಿಬಿಡುತ್ತದೆ. ಒಂಟಿಯಾಗಿ ಉಳಿದ ಬೇರಿಯಂ, ಸಿಟ್ರೇಟ್ ಸುಡುವಾಗ ಹುಟ್ಟುವ ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ ಕಾರ್ಬೊನೇಟ್ ಆಗುತ್ತದೆ. ಎರಡೂ ಲೋಹಗಳನ್ನು ಕೊನೆವರೆಗೂ ಅಗಲದಂತೆ ಹಿಡಿಯುವುದೇ ಜೆಲ್‌ನ ಕೆಲಸ. ಕೆಪಾಸಿಟರ್‌ಗೆ ಬೇಕಾದ ಟೈಟನೇಟ್, ನಯೊಬೇಟ್‌ಗಳಿಗೆಂದೇ ಪೆಚೀನಿ ಎಂಬ ಸಂಶೋಧಕ 1967ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಉಪಾಯವಿದು.

ಮೊದಲು ಒಣ ಬೀಕರಿನಲ್ಲಿ ಎಥಿಲೀನ್ ಗ್ಲೈಕಾಲ್ ತೆಗೆದುಕೊಳ್ಳಿ. ಐಸೊಪ್ರೊಪಾಕ್ಸೈಡ್ ಅದಕ್ಕೇ ಸೇರಲಿ. ಆಮೇಲೆ ಸಿಟ್ರಿಕ್ ಆಸಿಡ್, ಧಾರಾಳವಾಗಿ. ದ್ರಾವಣ ತಿಳಿಯಾದ ಮೇಲೆ ಬೇರಿಯಂ ಕಾರ್ಬೊನೇಟನ್ನು ಚಿಟಿಕೆ ಚಿಟಿಕೆಯಾಗಿ ಹಾಕಿ. ಬುಸುಬುಸು ನೊರೆ ಬರುತ್ತದೆ, ನಿಲ್ಲುವವರೆಗೆ ಕಾಯಿರಿ. 90 ಡಿಗ್ರಿ ಹತ್ತಿರ ಕಲಕುತ್ತಿದ್ದರೆ ಗಾಜಿನಂತೆ ಪಾರದರ್ಶಕವಾಗಬೇಕು. ಒಂದೇ ಒಂದು ಬಿಳಿ ಚುಕ್ಕಿ ಕಂಡರೂ ಮುಂದೆ ಹೋಗಬೇಡಿ. 130ಕ್ಕೆ ಏರಿಸಿದರೆ ಅಂಟಂಟು ರಾಳವಾಗುತ್ತದೆ. ಅದನ್ನು 350ರಲ್ಲಿ ನಿಧಾನವಾಗಿ ಕರಿಮಾಡಿ, ಅರೆದು, ತೆಳ್ಳಗೆ ಹರಡಿ, ಮುಚ್ಚಳವಿಲ್ಲದೆ ಸುಡಿ. ಕ್ರೂಸಿಬಲ್ (ಸುಡುವ ಬಟ್ಟಲು) ತುಂಬಾ ತುರುಕಿದರೆ ಅನಿಲ ಒಳಗೇ ಸಿಕ್ಕಿಕೊಂಡು ಮತ್ತೆ ಅದೇ ಕಾರ್ಬೊನೇಟ್!

ಗೆಳೆಯನ ದಾರಿ ನಮ್ಮ ಬೆಂಗಳೂರಿನದೇ. 1988ರಲ್ಲಿ ಐಐಎಸ್‌ಸಿಯ ಕಿಂಗ್ಸ್‌ಲಿ ಮತ್ತು ಕೆ.ಸಿ. ಪಾಟೀಲ ಅಲ್ಯುಮಿನಿಯಂ ನೈಟ್ರೇಟ್, ಯೂರಿಯಾ ದ್ರಾವಣವನ್ನು 500 ಡಿಗ್ರಿಯ ಫರ್ನೇಸಿಗೆ ಇಟ್ಟು, ಅದು ಉಬ್ಬಿ ಭಗ್ಗೆಂದು ಉರಿದು ಅಲ್ಯುಮಿನಾ ಆಗುವುದನ್ನು ತೋರಿಸಿದರು. ಸೊಗಸಾದ ವಿಧಾನ. ಆದರೆ ಟೈಟಾನಿಯಂ ಕೂಡ ನೈಟ್ರೇಟ್ ರೂಪದಲ್ಲೇ ಬೇಕು, ಅದನ್ನು ನೀವೇ ತಯಾರಿಸಿಕೊಳ್ಳಬೇಕಾಗುತ್ತದೆ. ಈ ಪ್ರಾಜೆಕ್ಟ್‌ಗೆ ಸುಮ್ನೆ ಯಾಕೆ ಆ ತಲೆನೋವು?

ಒಂದು ಎಚ್ಚರಿಕೆ: ಕಾರ್ಬೊನೇಟ್ ಬದಲು ಬೇರಿಯಂ ನೈಟ್ರೇಟ್ ಬಳಸಿದರೆ ನಿಮ್ಮ ಜೆಲ್‌ಗೂ ತಾನಾಗಿ ಬೆಂಕಿ ಹತ್ತಬಹುದು, ಕಂದು ಹೊಗೆ ಏಳಬಹುದು. ಸ್ವಲ್ಪ ಸ್ವಲ್ಪವೇ, ಹೊಗೆ ಹೊರಗೆಳೆಯುವ ಫ್ಯೂಮ್ ಹುಡ್ ಒಳಗೇ ಮಾಡಿ. ಬೇರಿಯಂ ವಿಷ, ಗ್ಲೌಸ್ ಮರೆಯಬೇಡಿ.