ಶತಾಯುಷಿಯೋ, ತೊಂಬತ್ತೆಂಟೋ?

ಓದುಗರ ಪತ್ರ (ಸಂಕ್ಷಿಪ್ತ): ನಮ್ಮದು ಮದ್ದೂರು ಹತ್ತಿರದ ಹಳ್ಳಿ. ಕಳೆದ ಪುಷ್ಯದಲ್ಲಿ ನಮ್ಮಜ್ಜಿ ತೀರಿಕೊಂಡರು. ಐದು ಮಕ್ಕಳು, ಹದಿನೇಳು ಮೊಮ್ಮಕ್ಕಳು. ಮರಿಮಕ್ಕಳ ಲೆಕ್ಕ ನಮಗೇ ಸಿಗುತ್ತಿಲ್ಲ. ವರ್ಷದ ತಿಥಿಗೆ ಒಂದು ಪುಸ್ತಿಕೆ ತರಬೇಕೆಂದಿದ್ದೇವೆ. ಆಧಾರ್ ಕಾರ್ಡಿನಲ್ಲಿ ಅವರು ಹುಟ್ಟಿದ್ದು 1-1-1924. ವೋಟರ್ ಕಾರ್ಡಿನ ಪ್ರಕಾರ 1931. ಅಜ್ಜಿ ಮಾತ್ರ ‘ಪ್ರಭವ ಸಂವತ್ಸರದ ಕಾರ್ತಿಕ, ನಮ್ಮಪ್ಪ ಹೇಳ್ತಿತ್ತು’ ಅನ್ನುತ್ತಿದ್ದರು. ಹನ್ನೊಂದನೇ ದಿನದ ಫ್ಲೆಕ್ಸ್‌ನಲ್ಲಿ ದೊಡ್ಡಪ್ಪ ‘ಶತಾಯುಷಿ’ ಅಂತ ಹಾಕಿಸಿದ್ದರು, ಪುಸ್ತಿಕೆಗೂ ಅದೇ ಇರಲಿ ಎಂದು ಪಟ್ಟು ಹಿಡಿದಿದ್ದಾರೆ. ನಾನು ಬರೆದ ಹನ್ನೊಂದು ಪುಟ ಜೊತೆಗಿದೆ. ದಯವಿಟ್ಟು ತಿದ್ದಿಕೊಡಿ.

ಸಂಪಾದಕರ ಉತ್ತರ:

ಮೊದಲು ವಯಸ್ಸಿನ ಪಂಚಾಯ್ತಿ ಮುಗಿಸೋಣ.

ಆಧಾರಿನ ಜನವರಿ ಒಂದನ್ನು ಬಿಟ್ಟುಬಿಡಿ. ಅಂದಾಜಿನ ಮೇಲೆ ವಯಸ್ಸು ಹೇಳಿದವರೆಲ್ಲ ಅಲ್ಲಿ ಹುಟ್ಟುವುದು ಜನವರಿ ಒಂದಕ್ಕೇ. ಶಾಲೆಗೆ ಹೋಗಿದ್ದರೆ ಹೆಡ್ ಮೇಷ್ಟ್ರ ಕೃಪೆಯಿಂದ ಜೂನ್ ಒಂದೋ ಎರಡೋ ಆಗಿರುತ್ತಿತ್ತು. ನಿಮ್ಮಜ್ಜಿಗೆ ಆ ಭಾಗ್ಯವೂ ಇರಲಿಲ್ಲ. ವೃದ್ಧಾಪ್ಯ ವೇತನ ಬೇಗ ಬರಲಿ ಎಂದು ಯಾರೋ ಪುಣ್ಯಾತ್ಮರು ವಯಸ್ಸು ಹೆಚ್ಚಿಗೆ ಬರೆಸಿದ್ದರು ಎಂದು ನೀವೇ ನಾಲ್ಕನೇ ಪುಟದಲ್ಲಿ ಒಪ್ಪಿಕೊಂಡಿದ್ದೀರಿ.

ಇನ್ನು 1931. ‘ನಾಲೆಗೆ ಮೊದಲನೇ ಸಲ ನೀರು ಬುಟ್ಟಾಗ ನೋಡಕೆ ಓಡಿದ್ದೆ, ಕಂಕುಳಲ್ಲಿ ತಮ್ಮ ಇದ್ದ’ ಎಂದು ಅಜ್ಜಿ ಹೇಳುತ್ತಿದ್ದರಂತೆ. ಈಗ ನೀವೆಲ್ಲ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಅನ್ನುವುದು ಆಗ ಇರ್ವಿನ್ ನಾಲೆ. ಕನ್ನಂಬಾಡಿಯಿಂದ ಅದರಲ್ಲಿ ನೀರು ಹರಿದದ್ದು 1930ರ ದಶಕದ ಮೊದಲ ವರ್ಷಗಳಲ್ಲಿ. ನಿಮ್ಮೂರಿನ ತೂಬಿಗೆ ಅದು ಒಂದೆರಡು ವರ್ಷ ತಡವಾಗಿಯೇ ಬಂದಿರಲಿ. ಆದರೂ 1931ರಲ್ಲಿ ಹುಟ್ಟಿದ ಮಗು ತಮ್ಮನನ್ನು ಎತ್ತಿಕೊಂಡು ಓಡಲಾರದು, ಅದನ್ನೇ ಯಾರಾದರೂ ಎತ್ತಿಕೊಳ್ಳಬೇಕು. ಹೀಗಾಗಿ ವೋಟರ್ ಕಾರ್ಡೂ ಬಿತ್ತು.

ಉಳಿದದ್ದು ಪ್ರಭವ. ಅರವತ್ತು ಸಂವತ್ಸರಗಳ ಚಕ್ರದಲ್ಲಿ ಅದು ಮೊದಲನೆಯದು. 1987ರ ಯುಗಾದಿಗೆ ಶುರುವಾದದ್ದು ಪ್ರಭವ, ಅದಕ್ಕೆ ಅರವತ್ತು ವರ್ಷ ಹಿಂದೆ 1927. ಕಾರ್ತಿಕ ಎಂದರೆ ಅಕ್ಟೋಬರ್-ನವೆಂಬರ್. ಇದಕ್ಕೆ ಸಾಕ್ಷಿ ನಿಮ್ಮ ಪುಟಗಳಲ್ಲೇ ಇದೆ. ‘ಹೊಸ ಮಹಾರಾಜರಿಗೆ ಪಟ್ಟ ಆದ ವರ್ಷ ಅಜ್ಜಿಯ ಮದುವೆ’ ಎಂದು ಬರೆದಿದ್ದೀರಿ. ನಾಲ್ವಡಿಯವರು ತೀರಿಕೊಂಡು ಜಯಚಾಮರಾಜರು ಪಟ್ಟಕ್ಕೆ ಬಂದದ್ದು 1940ರಲ್ಲಿ. ಧಾರೆಯ ದಿನ ಸೊಂಟದಲ್ಲಿ ಸೀರೆ ನಿಲ್ಲದೆ, ಅತ್ತೆಯೇ ಉಡಿದಾರದ ಮೇಲೆ ಹಸುವಿನ ಹಗ್ಗದ ಎಳೆಯೊಂದನ್ನು ಬಿಗಿದು ಕಟ್ಟಿದರಂತೆ. ಹದಿನಾರರ ಹುಡುಗಿಗೆ ಸೀರೆ ನಿಲ್ಲುತ್ತದೆ ಕಣಮ್ಮ. ಜಾರುವುದು ಹನ್ನೆರಡು-ಹದಿಮೂರರ ಸೊಂಟದಲ್ಲಿ. ಕಾರ್ಡುಗಳಿಗಿಂತ ನನಗೆ ಆ ಹಗ್ಗದ ಮೇಲೆ ಹೆಚ್ಚು ನಂಬಿಕೆ.

ಅಲ್ಲಿಗೆ, 1927ರ ಕಾರ್ತಿಕದಿಂದ ವಿಶ್ವಾವಸು ಸಂವತ್ಸರದ (2025-26) ಪುಷ್ಯಕ್ಕೆ 98 ತುಂಬಿ ಎರಡು ತಿಂಗಳು.

ದೊಡ್ಡಪ್ಪನವರಿಗೆ ಇದನ್ನು ಹೇಳುವುದು ಹೇಗೆ ಅನ್ನುವ ಚಿಂತೆ ನಿಮಗಿದ್ದರೆ, ಅವರ ಪರವಾಗಿ ವಾದಿಸಲು ಸಾಕ್ಷಾತ್ ಭೀಷ್ಮರೇ ಇದ್ದಾರೆ. ವಿರಾಟಪರ್ವ ನೆನಪು ಮಾಡಿಕೊಳ್ಳಿ. ಅಜ್ಞಾತವಾಸ ಮುಗಿಯುವ ಮೊದಲೇ ಅರ್ಜುನ ಕಾಣಿಸಿಕೊಂಡ ಎಂದು ದುರ್ಯೋಧನ ತಗಾದೆ ತೆಗೆದಾಗ ಭೀಷ್ಮರು ಅಧಿಕ ಮಾಸಗಳನ್ನು ಲೆಕ್ಕಕ್ಕೆ ತರುತ್ತಾರೆ: ಐದು ವರ್ಷಕ್ಕೆ ಎರಡು ತಿಂಗಳು ಹೆಚ್ಚುವರಿ, ಹದಿಮೂರು ವರ್ಷಕ್ಕೆ ಐದು ತಿಂಗಳು ಹನ್ನೆರಡು ದಿನ, ಅವಧಿ ಯಾವತ್ತೋ ಮುಗಿದಿದೆ. ಪಂಚಾಂಗದ ಪ್ರಕಾರ ಹತ್ತೊಂಬತ್ತು ವರ್ಷಕ್ಕೆ ಏಳು ಅಧಿಕ ಮಾಸ. ನಿಮ್ಮಜ್ಜಿಯ ಆಯುಸ್ಸಿನಲ್ಲಿ ಅಂಥವು ಸುಮಾರು ಮೂವತ್ತಾರು ಬಂದುಹೋದವು, ಅಂದರೆ ಮೂರು ವರ್ಷ. ಹನ್ನೆರಡು ಹುಣ್ಣಿಮೆಗೆ ಒಂದು ವರ್ಷವೆಂದು ಎಣಿಸಿದರೆ ಅಜ್ಜಿಗೆ ನೂರಾಒಂದು ದಾಟಿತ್ತು! ಬರಗಾಲದಲ್ಲಿ ಅಧಿಕ ಮಾಸ ಅನ್ನುತ್ತೇವೆ, ಇಲ್ಲಿ ಮಾತ್ರ ಅದು ಉಪಕಾರಕ್ಕೆ ಬಂತು. ಫ್ಲೆಕ್ಸ್ ಸುಳ್ಳಲ್ಲ ಎಂದು ದೊಡ್ಡಪ್ಪನವರಿಗೆ ಧೈರ್ಯವಾಗಿ ಹೇಳಿ. ಆದರೆ ಪುಸ್ತಿಕೆಯಲ್ಲಿ ‘ಪ್ರಭವದ ಕಾರ್ತಿಕದಿಂದ ವಿಶ್ವಾವಸುವಿನ ಪುಷ್ಯದವರೆಗೆ’ ಎಂದು ಹಾಕಿ. ಅದು ಅಜ್ಜಿಯದೇ ಲೆಕ್ಕ. ಎಣಿಸಿಕೊಳ್ಳುವವರು ತಮಗೆ ಬೇಕಾದ ಹಾಗೆ ಎಣಿಸಿಕೊಳ್ಳಲಿ.

ಇನ್ನು ನಿಮ್ಮ ಹನ್ನೊಂದು ಪುಟ. ಕೆಂಪು ಶಾಯಿ ನೋಡಿ ಬೇಜಾರಾಗಬೇಡಿ. ತ್ಯಾಗಮಯಿ, ಕರುಣಾಮೂರ್ತಿ, ಮಮತೆಯ ಕಡಲು, ಸಂಸಾರ ರಥದ ಕೀಲು, ಎಲ್ಲಕ್ಕೂ ಗೀಟು ಎಳೆದಿದ್ದೇನೆ. ಇವು ಸುಳ್ಳು ಅಂತಲ್ಲ. ಪಕ್ಕದ ಮನೆಯವರ ಅಜ್ಜಿಗೂ ಇದೇ ಪದಗಳು ಹೊಂದುತ್ತವೆ, ಅದೇ ಕಷ್ಟ. ನಾನೂ ಇದೇ ತಪ್ಪು ಮಾಡಿದವನು. ನನ್ನ ತಾಯಿ ಹೋದಾಗ ಇದೇ ಪತ್ರಿಕೆಯಲ್ಲಿ ‘ಅನ್ನಪೂರ್ಣೆ’ ಎಂದು ಎರಡು ಪುಟ ಬರೆದೆ. ಸೋದರತ್ತೆ ಓದಿಸಿ ಕೇಳಿ, ಕನ್ನಡಕ ತೆಗೆದು ಪಕ್ಕಕ್ಕಿಟ್ಟು ಹೇಳಿದರು: ‘ನಿಮ್ಮಮ್ಮ ಬಡಿಸೋದ್ರಲ್ಲಿ ಮಹಾ ಜಿಪುಣಿ ಕಣೋ. ಅಳೆದು ಬಡಿಸಿದ್ದಕ್ಕೇ ನೀವು ಆರು ಜನ ಬದುಕಿದ್ದು.’ ಅಮ್ಮನ ಬಗ್ಗೆ ಅದಕ್ಕಿಂತ ನಿಜವಾದ ಮಾತನ್ನು ನಾನು ಇವತ್ತಿಗೂ ಬರೆಯಲಾಗಿಲ್ಲ.

ಗೀಟು ಎಳೆಯದೆ ಬಿಟ್ಟದ್ದು ಏನೆಂದು ನೋಡಿ. ಬದನೆಕಾಯಿ ತಂದಾಗಲೆಲ್ಲ ಅಜ್ಜಿ ‘ಎಷ್ಟಾಣೆ ಕೊಟ್ಟೆ ಮಗಾ?’ ಅನ್ನುತ್ತಿದ್ದರು ಎಂಬ ಸಾಲು. ಆಣೆ ಹೋಗಿ ನಯಾಪೈಸೆ ಬಂದದ್ದು 1957ರಲ್ಲಿ. ನಾಲ್ಕಾಣೆ ಅಂತ ನಾವು ಕರೆಯುತ್ತಿದ್ದ ಇಪ್ಪತ್ತೈದು ಪೈಸೆ ಕೂಡ 2011ರಲ್ಲಿ ಚಲಾವಣೆ ನಿಲ್ಲಿಸಿತು. ಅಜ್ಜಿ ಎರಡನ್ನೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ‘ನಲವತ್ತು ರೂಪಾಯಿ’ ಅಂದರೆ ‘ಅಯ್ಯೋ, ಆಗ ಅಷ್ಟಕ್ಕೆ ಒಂದು ಕರ ಬರ್ತಿತ್ತಲ್ಲೋ’ ಅನ್ನುತ್ತಿದ್ದರಂತೆ. ಹೀಗೆ ಪೇಟೆಯ ದರವನ್ನೆಲ್ಲ ದನದ ಜಾತ್ರೆಯ ದರದಲ್ಲಿ ತೂಗುವ ಹೆಂಗಸು ನನ್ನ ಕಣ್ಣಿಗೆ ಕಟ್ಟುತ್ತಾಳೆ, ‘ಮಮತೆಯ ಕಡಲು’ ಕಟ್ಟುವುದಿಲ್ಲ.

ಆರನೇ ಪುಟದ ಒಂದು ಮಾತನ್ನು ನೀವು ದಾಟಿಕೊಂಡು ಹೋಗಿದ್ದೀರಿ, ಅಲ್ಲಿ ನಿಲ್ಲಬೇಕಿತ್ತು. ಮುದ್ದೆ ಬೆಂದ ಮಡಕೆಯ ತಳದ ಸೀಕಲನ್ನು ಅಜ್ಜಿ ಯಾರಿಗೂ ತೊಳೆಯಲು ಬಿಡುತ್ತಿರಲಿಲ್ಲ, ಕೆರೆದು ತಾವೇ ತಿನ್ನುತ್ತಿದ್ದರು, ಕೇಳಿದರೆ ‘ಧಾತು ಈಶ್ವರ’ ಅನ್ನುತ್ತಿದ್ದರು ಎಂದಿದ್ದೀರಿ. ಅದೇನೋ ದೇವರ ಹೆಸರೆಂದು ತಿಳಿದುಕೊಂಡಂತಿದೆ. ಅಲ್ಲ. ಧಾತು, ಈಶ್ವರ ಎರಡೂ ಸಂವತ್ಸರಗಳು. 1876ರಿಂದ 78ರವರೆಗೆ ಮೈಸೂರು ಸೀಮೆಯಲ್ಲಿ ಲಕ್ಷಾಂತರ ಜನರನ್ನು ಕೊಂದ ಬರಕ್ಕೆ ಜನ ಇಟ್ಟ ಹೆಸರು ಅದು. ನಿಮ್ಮಜ್ಜಿ ಹುಟ್ಟುವ ಹೊತ್ತಿಗೆ ಆ ಬರ ಐವತ್ತು ವರ್ಷ ಹಳೆಯದು. ಅದನ್ನು ಕಂಡು ಬದುಕಿ ಉಳಿದ ಯಾರೋ ಮುದುಕಿ ಅವರಿಗೆ ಸೀಕಲು ಕೆರೆಯುವುದನ್ನು ಕಲಿಸಿರಬೇಕು. ಆ ಮುದುಕಿ ಯಾರು? ಅಜ್ಜಿಯ ತವರಿನಲ್ಲಿ ಹಿರಿಯರಿದ್ದರೆ ಈ ವಾರವೇ ಹೋಗಿ ಕೇಳಿ, ತಿಥಿಯವರೆಗೆ ಕಾಯಬೇಡಿ.

ದೊಡ್ಡಪ್ಪನವರಿಂದಲೂ ಎರಡು ಪುಟ ಬರೆಸಿ. ಅವರಿಗೆ ಕೋಪ ನೂರರ ಮೇಲಲ್ಲ, ಹಿರಿಯ ಮಗನನ್ನು ಯಾರೂ ಏನೂ ಕೇಳಲಿಲ್ಲವೆಂದು ಎಂಬುದು ನನ್ನ ಊಹೆ. ನೀವು ಕಂಡದ್ದು ಮುದುಕಿಯನ್ನು, ಗದ್ದೆಯಲ್ಲಿ ಕಬ್ಬಿನ ಸೋಗೆ ಸುಲಿಯುತ್ತಿದ್ದ ಹೆಂಗಸನ್ನು ಕಂಡವರು ಅವರು. ಬರೆಯಲು ಒಪ್ಪದಿದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ‘ಹೇಳ್ತಿತ್ತು, ಬುಟ್ಟಾಗ’ ಎಲ್ಲ ಹಾಗೇ ಅಚ್ಚಾಗಲಿ. ಅದನ್ನು ಗ್ರಂಥಸ್ಥ ಮಾಡಲು ಹೋದರೆ ನಾನು ಮತ್ತೆ ಕೆಂಪು ಶಾಯಿ ತೆಗೆಯಬೇಕಾಗುತ್ತದೆ.

ಕೊನೆಯದಾಗಿ ಒಂದು ಕುತೂಹಲ. ಬೇಸಿಗೆ ರಜೆಯಲ್ಲಿ ಊಟಕ್ಕೆ ಸಾಲಾಗಿ ಕೂತ ಮೊಮ್ಮಕ್ಕಳ ತಲೆ ಮುಟ್ಟಿ, ಕಣದಲ್ಲಿ ಸೇರಿನಿಂದ ರಾಗಿ ಅಳೆಯುವಾಗ ಎಣಿಸುವ ಹಾಗೆ ಅಜ್ಜಿ ‘ಲಾಭ, ಎರಡು, ಮೂರು’ ಎಂದು ಎಣಿಸುತ್ತಿದ್ದರು ಎಂದಿದ್ದೀರಿ. ನಿಮ್ಮದು ಐದನೇ ತಲೆ ಎಂದೂ ಇದೆ. ಸಾಲಿನ ತುದಿಯಲ್ಲಿ ಕೂತು ದಿನಾ ‘ಲಾಭ’ ಅನ್ನಿಸಿಕೊಳ್ಳುತ್ತಿದ್ದವರು ಯಾರೆಂದು ಮಾತ್ರ ಹನ್ನೊಂದು ಪುಟದಲ್ಲಿ ಎಲ್ಲೂ ಇಲ್ಲ. ತಿದ್ದಿದ ಪ್ರತಿಯ ಜೊತೆ ಅದನ್ನೂ ಬರೆದು ಕಳಿಸಿ.