ಬಂಪರ್ ಬಿಚ್ಚಿಸಿ ನೋಡುವವರೆಗೆ ಆ ಎರಡು ಸಾವಿರ ಮುಟ್ಟಬೇಡಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮೈಸೂರಿನ ರಾಮಸ್ವಾಮಿ ವೃತ್ತದ ಸಿಗ್ನಲ್‌ನಲ್ಲಿ ನಿಂತಿದ್ದ ನಿಮ್ಮ ಕಾರಿಗೆ ಹಿಂದಿನ ಕಾರು ಬಂದು ಗುದ್ದಿದೆ. ಯಾರಿಗೂ ಪೆಟ್ಟಾಗಿಲ್ಲ. ಹಿಂದಿನ ಬಂಪರ್ ಒಂದು ಗೇಣು ಸೀಳಿದೆ, ಎಡಮೂಲೆ ಬಾಯಿ ಬಿಟ್ಟಿದೆ. ಗುದ್ದಿದವರು "ಎರಡು ಸಾವಿರ ಕೊಡುತ್ತೇನೆ, ಇನ್ಶೂರೆನ್ಸ್ ಗೊಡವೆ ಬೇಡ" ಎಂದು ನಂಬರ್ ಕೊಟ್ಟು ಹೋಗಿದ್ದಾರೆ. ನೀವು ಮೂರು ವರ್ಷದಿಂದ ಒಂದೂ ಕ್ಲೈಮ್ ಮಾಡಿಲ್ಲ. ನಿಮ್ಮ ಭಾವ ಮಾತ್ರ "ವರ್ಷ ವರ್ಷ ಕಟ್ಟುವುದು ಮತ್ತೇಕೆ, ಕ್ಲೈಮ್ ಮಾಡು" ಎಂದು ಹಟ ಹಿಡಿದಿದ್ದಾರೆ. ಆ ಹಣ ತೆಗೆದುಕೊಳ್ಳುವುದೋ, ನಿಮ್ಮ ವಿಮೆಯಲ್ಲಿ ಮಾಡಿಸುವುದೋ, ಅವರ ವಿಮೆಯಿಂದ ವಸೂಲು ಮಾಡುವುದೋ ಎಂದು ಕೇಳಿದ್ದೀರಿ.

ಮೊದಲು ಬಂಪರ್ ಬಿಚ್ಚಿಸಿ, ಮಿಕ್ಕದ್ದು ಆಮೇಲೆ. ಇದನ್ನು ಹೇಳಲು ನನಗಿರುವ ಅರ್ಹತೆ ಎಂದರೆ ಎರಡು ಸಲ ಕೈ ಸುಟ್ಟುಕೊಂಡಿರುವುದು. ಒಮ್ಮೆ ಕ್ಲೈಮ್ ಮಾಡಬಾರದ ಕಡೆ ಮಾಡಿದೆ. ಇನ್ನೊಮ್ಮೆ ಬಿಚ್ಚಿ ನೋಡದೆ ಹಣ ಇಸಿದುಕೊಂಡೆ.

ಮೊದಲನೆಯದು 2017ರ ಆಯುಧಪೂಜೆಯ ಸಂಜೆ ನಡೆದದ್ದು. ಸರಸ್ವತಿಪುರದ ನಮ್ಮ ಮನೆಯ ಮುಂದೆ ಕಾರಿಗೆ ಪೂಜೆ ಮುಗಿಸಿ, ಎರಡೂ ಪಕ್ಕಕ್ಕೆ ಬಾಳೆಕಂದು ಕಟ್ಟಿ, ಹೂವಿನ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ಶಾಸ್ತ್ರಕ್ಕೆ ಒಂದು ಸುತ್ತು ಹೋಗಿಬರೋಣ ಎಂದು ಹಿಂದಕ್ಕೆ ತೆಗೆದೆ. ಎಡಗನ್ನಡಿಯ ತುಂಬ ಬಾಳೆಎಲೆ. ಹಿಂದೆ ಒಡೆದ ಬೂದುಗುಂಬಳಕಾಯಿಯ ಮೇಲೆ ಚಕ್ರ ಜಾರಿ, ಎದುರು ಮನೆಯ ಗೇಟಿನ ಕಲ್ಲುಕಂಬಕ್ಕೆ ಬಂಪರ್ ತಾಗಿತು. ನನ್ನ ಹೆಂಡತಿ ಕುಂಕುಮದ ಬಟ್ಟಲು ಹಿಡಿದುಕೊಂಡೇ ನಿಂತಿದ್ದಳು. ಏನೂ ಅನ್ನಲಿಲ್ಲ, ಒಳಗೆ ಹೋದಳು.

ನಿಮ್ಮ ಭಾವನ ಹಾಗೆಯೇ ನಾನೂ ಅಂದುಕೊಂಡೆ. ನಾಲ್ಕನೆಯ ವರ್ಷ, ಒಂದು ರೂಪಾಯಿಯನ್ನೂ ವಾಪಸು ಪಡೆದಿಲ್ಲ, ಈಗಲಾದರೂ ಬರಲಿ. ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಬಿಟ್ಟೆ. "ಕ್ಯಾಶ್‌ಲೆಸ್ ಸಾರ್, ನೀವು ಏನೂ ಯೋಚನೆ ಮಾಡಬೇಡಿ" ಎಂದರು. ಬಿಲ್ 9,000 ರೂಪಾಯಿ. ಹೊಸ ಬಂಪರ್ 4,200, ಬಣ್ಣ 3,600, ಬಿಚ್ಚಿ ಕೂರಿಸುವ ಕೂಲಿ 900, ಕ್ಲಿಪ್ಪು ಇತ್ಯಾದಿ 300. ಕಾರು ತರಲು ಹೋದಾಗ ಕೌಂಟರಿನಲ್ಲಿದ್ದ ಹುಡುಗಿ ನಗುನಗುತ್ತಲೇ 3,850 ರೂಪಾಯಿ ಕೇಳಿದಳು. ಕ್ಯಾಶ್‌ಲೆಸ್ ಎಂಬ ಪದದ ಅರ್ಥ ನನಗೆ ತಿಳಿದದ್ದು ಆವತ್ತು.

ಎಲ್ಲಿ ಹೋಯಿತು ಆ ಹಣ? ಬಂಪರ್ ಪ್ಲಾಸ್ಟಿಕ್. ಸಾಧಾರಣ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ನೈಲಾನ್ ಭಾಗಗಳಿಗೆ, ಹಾಗೆಯೇ ಟೈರು, ಬ್ಯಾಟರಿಗಳಿಗೆ ಸವಕಳಿ ಎಂದು ನೇರವಾಗಿ 50% ಕಡಿತ ಮಾಡುತ್ತಾರೆ. ಕಾರು ನಿನ್ನೆ ಷೋರೂಮಿನಿಂದ ಬಂದಿದ್ದರೂ ಇದೇ ಲೆಕ್ಕ. ಲೋಹದ ಭಾಗಕ್ಕಾದರೆ ಕಾರಿನ ವಯಸ್ಸು ನೋಡುತ್ತಾರೆ: ಮೊದಲ ಆರು ತಿಂಗಳು ಕಡಿತವಿಲ್ಲ, ಅಲ್ಲಿಂದ 5% ಶುರುವಾಗಿ ಹತ್ತು ವರ್ಷ ದಾಟಿದ ಮೇಲೆ 50%. ಗಾಜಿಗೆ ಕಡಿತವೇ ಇಲ್ಲ. ಅಂತೂ ಬಂಪರಿನಲ್ಲಿ 2,100 ಹೋಯಿತು. ಬಣ್ಣದ ಬಿಲ್ಲಿನಲ್ಲಿ ಕಾಲುಭಾಗವನ್ನು ಸಾಮಗ್ರಿ ಎಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ, ಅದು 450. ಕ್ಲಿಪ್ಪಿನ 300 ಪಾಲಿಸಿಗೆ ಸೇರುವುದಿಲ್ಲ ಎಂದರು. ಇವೆಲ್ಲದರ ಮೇಲೆ, ಪ್ರತಿ ಕ್ಲೈಮಿನಲ್ಲೂ ಮಾಲೀಕನೇ ಕಟ್ಟಬೇಕಾದ ಕಡ್ಡಾಯ ಪಾಲು 1,000. ಇಂಜಿನ್ 1500 ಸಿಸಿ ದಾಟಿದ್ದರೆ ಅದು 2,000. ಹೀಗೆ 3,850 ನನ್ನದು, 5,150 ವಿಮೆಯದು.

ಆದರೂ ಐದು ಸಾವಿರ ಲಾಭವಾಯಿತಲ್ಲ ಎಂದು ಸಮಾಧಾನ ಮಾಡಿಕೊಂಡೆ. ಡಿಸೆಂಬರಿನಲ್ಲಿ ನವೀಕರಣದ ನೋಟಿಸ್ ಬಂತು. ನಾನು ಮಂಡ್ಯದಲ್ಲಿ ಲೆಕ್ಕಪತ್ರ ಬರೆದೇ ಹೊಟ್ಟೆ ಹೊರೆಯುವವನು, ಆದರೂ ಈ ಲೆಕ್ಕ ಮೊದಲೇ ಹೊಳೆದಿರಲಿಲ್ಲ. ಕ್ಲೈಮ್ ಮಾಡದವರಿಗೆ ಸಿಗುವ ರಿಯಾಯಿತಿ, ನೋ ಕ್ಲೈಮ್ ಬೋನಸ್, ಒಂದು ವರ್ಷಕ್ಕೆ 20%, ಎರಡಕ್ಕೆ 25%, ಮೂರಕ್ಕೆ 35%, ನಾಲ್ಕಕ್ಕೆ 45%, ಐದಕ್ಕೆ 50%. ಒಂದು ಕ್ಲೈಮ್ ಮಾಡಿದರೆ ಸೊನ್ನೆ. ಹಾವು ಏಣಿ ಆಟದಲ್ಲಿ ದೊಡ್ಡ ಹಾವು ನುಂಗಿದ ಹಾಗೆ ಒಂದನೇ ಮನೆಗೆ ಬರುತ್ತೀರಿ.

ಈ ರಿಯಾಯಿತಿ ಬೇರೆಯವರಿಗಾಗುವ ಹಾನಿಗೆಂದು ಕಟ್ಟುವ ಥರ್ಡ್ ಪಾರ್ಟಿ ಕಂತಿಗೆ ಅನ್ವಯಿಸುವುದಿಲ್ಲ, ಸ್ವಂತ ಕಾರಿನ ಹಾನಿಯ ಕಂತಿಗೆ ಮಾತ್ರ. ನನ್ನದು ಆಗ 7,000, ಕಾರು ಹಳೆಯದಾದಂತೆ ಅದು ವರ್ಷ ವರ್ಷ ಸ್ವಲ್ಪ ಇಳಿಯುತ್ತಾ ಹೋಯಿತು. ಸಿಗಬೇಕಾಗಿದ್ದ 45% ಹೋಯಿತು: 3,150. ಮರುವರ್ಷ 50% ಸಿಗಬೇಕಾದಲ್ಲಿ 20%: 1,980 ನಷ್ಟ. ಅದರಾಚೆ 1,550, ಆಮೇಲೆ 885, ಕೊನೆಗೆ 280. ಮತ್ತೆ 50% ಮುಟ್ಟುವ ಹೊತ್ತಿಗೆ ಕಳೆದುಕೊಂಡದ್ದು 7,845. ಬಂದದ್ದು 5,150. ಬೂದುಗುಂಬಳಕಾಯಿಯ ಬೆಲೆ ಬೇರೆ.

ನೀವೂ ಈಗ ನಾನು ಅಂದು ನಿಂತಿದ್ದ ಮೆಟ್ಟಿಲ ಮೇಲೇ ನಿಂತಿದ್ದೀರಿ, ಮೂರು ವರ್ಷ ಮುಗಿಸಿ ನಾಲ್ಕನೆಯದರಲ್ಲಿ. "ತಪ್ಪು ನನ್ನದಲ್ಲವಲ್ಲ, ಬೋನಸ್ ಯಾಕೆ ಹೋಗಬೇಕು" ಎನ್ನುತ್ತೀರಿ, ನ್ಯಾಯವಾದ ಮಾತು. ಆದರೆ ಗುದ್ದಿದ್ದು ಯಾರು ಎಂದು ಆ ಬೋನಸ್ ಕೇಳುವುದಿಲ್ಲ. ನಿಮ್ಮ ಪಾಲಿಸಿಯಿಂದ ನಿಮ್ಮ ಕಾರಿಗೆ ಹಣ ಹೋಯಿತೇ, ಬೋನಸ್ ಹೋಯಿತು. ಬೋನಸ್ ಉಳಿಸುವ ಹೆಚ್ಚುವರಿ ರಕ್ಷಣೆಯನ್ನು ಕೆಲವರು ದುಡ್ಡು ಕೊಟ್ಟು ಸೇರಿಸಿಕೊಂಡಿರುತ್ತಾರೆ. ಪಾಲಿಸಿಯ ಹಾಳೆ ತೆಗೆದು ಅದು ಇದೆಯೇ, ಝೀರೋ ಡೆಪ್ರಿಸಿಯೇಷನ್ ಇದೆಯೇ ನೋಡಿ. ಝೀರೋ ಡೆಪ್ರಿಸಿಯೇಷನ್ ಇದ್ದರೆ ಆ ಅರ್ಧದ ಕಡಿತ ಇರುವುದಿಲ್ಲ. ಆದರೆ ಕಡ್ಡಾಯ ಪಾಲಿನ ಸಾವಿರ ಕೊಡಲೇಬೇಕು, ಬೋನಸ್ಸೂ ಹೋಗಿಯೇ ಹೋಗುತ್ತದೆ. ಎಷ್ಟೋ ಪಾಲಿಸಿಗಳಲ್ಲಿ ವರ್ಷಕ್ಕೆ ಇಂತಿಷ್ಟೇ ಸಲ ಎಂಬ ಮಿತಿಯೂ ಇರುತ್ತದೆ. ಸಣ್ಣ ಗೀರಿಗೆ ಒಂದನ್ನು ಖರ್ಚು ಮಾಡಿಕೊಳ್ಳಬೇಡಿ.

ಹಾಗಾದರೆ ಅವರ ವಿಮೆಯಿಂದ ಮಾಡಿಸಬಹುದೇ? ಕಾಗದದ ಮೇಲೆ, ಹೌದು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಪ್ರತಿ ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಅದರಲ್ಲಿ ಬೇರೆಯವರ ಆಸ್ತಿಗಾದ ಹಾನಿಯೂ ಸೇರುತ್ತದೆ. ಆದರೆ ಅವರ ವಿಮಾ ಕಂಪನಿಗೆ ಫೋನ್ ಮಾಡಿದರೆ ನಿಮ್ಮ ಬಂಪರಿಗೆ ಚೆಕ್ ಬರೆದು ಕಳುಹಿಸುವುದಿಲ್ಲ. ಪೊಲೀಸ್ ದೂರು, ವಕೀಲರು, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ, ಅದಕ್ಕೂ ಆರು ತಿಂಗಳ ಗಡುವು. ಜೀವಕ್ಕೆ ಹಾನಿಯಾದವರು, ಕೈಕಾಲು ಮುರಿದುಕೊಂಡವರು ಹೋಗಬೇಕಾದ ಬಾಗಿಲು ಅದು. ಒಂದು ಗೇಣು ಸೀಳಿದ ಪ್ಲಾಸ್ಟಿಕ್‌ಗಾಗಿ ಅಲ್ಲಿ ಸಾಲಿನಲ್ಲಿ ನಿಲ್ಲುವುದು ನನ್ನ ಮಟ್ಟಿಗೆ ಮರ್ಯಾದೆಯಲ್ಲ.

ಆದ್ದರಿಂದ ಗುದ್ದಿದವರ ಕೈಯಿಂದಲೇ ಖರ್ಚು ಹೊರಿಸುವುದು ಸರಿಯಾದ ದಾರಿ. ಆದರೆ ಎಷ್ಟು? ಇಲ್ಲಿಗೆ ನನ್ನ ಎರಡನೆಯ ಕಥೆ ಬರುತ್ತದೆ.

2024ರಲ್ಲಿ, ಮಂಡ್ಯದ ಹಳೆಯ ಹೆದ್ದಾರಿ. ಕಬ್ಬು ಅರೆಯುವ ಕಾಲ. ಮುಂದೆ ಜಲ್ಲೆ ತುಂಬಿದ ಟ್ರ್ಯಾಕ್ಟರ್ ಸಕ್ಕರೆ ಕಾರ್ಖಾನೆಯ ಕಡೆಗೆ ತಿರುಗಲು ತಟ್ಟನೆ ನಿಂತಿತು. ನಾನೂ ನಿಂತೆ. ನನ್ನ ಹಿಂದಿದ್ದ ಹುಡುಗ ನಿಲ್ಲಲಿಲ್ಲ. ಇಳಿದು ನೋಡಿದರೆ ಬಂಪರಿನ ಮೇಲೆ ಅಂಗೈಯಗಲದ ಗೀರು, ಬೇರೇನೂ ಕಾಣಲಿಲ್ಲ. ಹುಡುಗನ ಕೈ ನಡುಗುತ್ತಿತ್ತು. "ಅಪ್ಪನ ಕಾರು ಅಂಕಲ್, ಬೈಯುತ್ತಾರೆ" ಎಂದ. ಜೇಬಿನಲ್ಲಿದ್ದ 1,500 ಕೊಟ್ಟ. ನನಗೂ ಆ ವಯಸ್ಸಿನ ಮಗನಿದ್ದಾನೆ. ತೆಗೆದುಕೊಂಡು, ನಂಬರನ್ನೂ ಕೇಳದೆ ಕಳುಹಿಸಿಬಿಟ್ಟೆ.

ನಾಲ್ಕು ದಿನ ಬಿಟ್ಟು ರಿವರ್ಸ್ ಗೇರ್ ಹಾಕಿದರೆ ಸೆನ್ಸರ್ ಏನೂ ಇಲ್ಲದ ಕಡೆ ಬಡಿದುಕೊಳ್ಳತೊಡಗಿತು. ಬನ್ನಿಮಂಟಪದ ಕಡೆ ಟಿಂಕರಿಂಗ್ ಮಾಡುವ ಹಳೆಯ ಪರಿಚಯದವರೊಬ್ಬರಿದ್ದಾರೆ, ಅವರ ಹತ್ತಿರ ಹೋದೆ. ಬಂಪರ್ ಕಳಚಿ ನೆಲಕ್ಕಿಟ್ಟು "ನೋಡಿ ಸಾರ್, ಚಿಪ್ಪು ನೆಟ್ಟಗಿದೆ, ಒಳಗೆ ತಿರುಳು ಹೋಗಿದೆ" ಎಂದರು. ಹೊರಗಿನ ಪ್ಲಾಸ್ಟಿಕ್ ಬಾಗಿ ಮತ್ತೆ ತನ್ನ ಆಕಾರಕ್ಕೆ ಬಂದಿತ್ತು. ಪಕ್ಕದ ಬ್ರಾಕೆಟ್ ತುಂಡಾಗಿತ್ತು, ಒಂದು ಸೆನ್ಸರ್ ತನ್ನ ಗೂಡಿನಿಂದ ಕಿತ್ತು ತಂತಿಯಲ್ಲಿ ನೇತಾಡುತ್ತಿತ್ತು, ಒಳಗಿನ ಲೋಹದ ಅಡ್ಡಪಟ್ಟಿ ಒಂದು ಕಡೆ ಒಳಕ್ಕೆ ನುಗ್ಗಿತ್ತು. ನಿಜವಾದ ದೊಡ್ಡ ಪೆಟ್ಟನ್ನು ತಡೆಯಬೇಕಾದದ್ದು ಆ ಪಟ್ಟಿ, ಪ್ಲಾಸ್ಟಿಕ್ ಅಲ್ಲ. ಖರ್ಚು 7,200. ಕೈಯಲ್ಲಿ ಹುಡುಗನ 1,500. ಆ ಸಲ ಕ್ಲೈಮ್ ಮಾಡಲಿಲ್ಲ, ಹಳೆಯ ಕಾರಿನಿಂದ ಹೊತ್ತು ತಂದ 50% ಬೋನಸ್ ಇತ್ತು. ಅಂದಹಾಗೆ ಆ ಬೋನಸ್ ಕಾರಿನದಲ್ಲ, ಮಾಲೀಕನದು. ಕಾರು ಮಾರಿದರೂ ಹೊಸದಕ್ಕೆ ವರ್ಗಾಯಿಸಿಕೊಳ್ಳಬಹುದು. ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಮಾತ್ರ ಅದು ಹೋಗುತ್ತದೆ.

ನಿಮ್ಮ ಕಾರಿನ ಮೂಲೆ ಬಾಯಿ ಬಿಟ್ಟಿದೆ ಎಂದರೆ ಕ್ಲಿಪ್ಪು ಅಥವಾ ಬ್ರಾಕೆಟ್ ಹೋಗಿರುವುದು ಬಹುತೇಕ ಖಂಡಿತ. 2019ರ ಜುಲೈ ನಂತರದ ಕಾರಾದರೆ ಹಿಂದೆ ಪಾರ್ಕಿಂಗ್ ಸೆನ್ಸರ್ ಇದ್ದೇ ಇರುತ್ತದೆ, ಅದನ್ನೂ ಪರೀಕ್ಷಿಸಿ. ಡಿಕ್ಕಿಯ ಬಾಗಿಲು ಮೊದಲಿನಷ್ಟೇ ಸಲೀಸಾಗಿ ಮುಚ್ಚುತ್ತದೆಯೇ, ಎರಡೂ ಬದಿಯ ಸಂದಿ ಸಮನಾಗಿದೆಯೇ ನೋಡಿ. ಬಿಚ್ಚಿ ನೋಡಲು ಅರ್ಧ ಗಂಟೆ ಸಾಕು. ನಾಳೆಯೇ ಹೋಗಿ, ಏಕೆಂದರೆ ಒಂದು ವೇಳೆ ಕ್ಲೈಮ್ ಮಾಡುವುದೇ ಆದರೆ ವಿಮಾ ಕಂಪನಿಗೆ ಕೂಡಲೇ ತಿಳಿಸಬೇಕು ಎಂದು ಪಾಲಿಸಿಯಲ್ಲೇ ಬರೆದಿರುತ್ತದೆ. ಅಂಥ ಸಂದರ್ಭದಲ್ಲಿ ಹಾನಿ ಅಂದಾಜು ಮಾಡಲು ಕಂಪನಿ ಕಳುಹಿಸುವ ಸರ್ವೇಯರ್ ನೋಡುವ ಮೊದಲು ರಿಪೇರಿ ಮಾಡಿಸಲೂಬಾರದು. ಬಿಚ್ಚಿದ ಸ್ಥಿತಿಯಲ್ಲಿ ಒಳಗಿನದರ ಚಿತ್ರ ತೆಗೆದುಕೊಳ್ಳಿ.

ಅಂದಾಜು ಪಟ್ಟಿಯನ್ನು ಎರಡು ಕಡೆ ಬರೆಸಿಕೊಳ್ಳಿ. ಸರ್ವಿಸ್ ಸೆಂಟರ್‌ನಲ್ಲಿ ಬಹುಮಟ್ಟಿಗೆ ಹೊಸ ಬಂಪರ್ ಎಂದೇ ಹೇಳುತ್ತಾರೆ. ಟಿಂಕರಿಂಗ್ ಗ್ಯಾರೇಜಿನಲ್ಲಿ ಸೀಳನ್ನು ಒಳಗಿನಿಂದ ಬಿಸಿ ಮಾಡಿ ಬೆಸೆದು, ಪುಟ್ಟಿ ಹಾಕಿ, ಉಜ್ಜಿ ಬಣ್ಣ ಹೊಡೆಯುತ್ತಾರೆ. ಒಂದು ಗೇಣಿನ ಸೀಳಿಗೆ ಅದು ಧಾರಾಳವಾಗಿ ಸಾಕು. ಬ್ರಾಕೆಟ್ ಕೂರುವ ಕಿವಿಗಳೇ ಮುರಿದಿದ್ದರೆ ಮಾತ್ರ ಹೊಸದು ಹಾಕಿಸಿ, ಬೆಸೆದ ಕಿವಿ ನಮ್ಮ ರಸ್ತೆಯ ಉಬ್ಬುಗಳಿಗೆ ತಾಳುವುದಿಲ್ಲ. ಬಿಳಿ ಬಣ್ಣ ಸುಲಭ ಎಂದು ಜನ ತಿಳಿದಿದ್ದಾರೆ. ಮುತ್ತಿನ ಹೊಳಪಿನ ಬಿಳಿಯಾದರೆ ಹೊಂದಿಸುವುದು ತುಂಬಾ ಕಷ್ಟ. ಬಣ್ಣದ ಸಂಕೇತ ಸಂಖ್ಯೆಯನ್ನು ಗ್ಯಾರೇಜಿನವರಿಗೆ ಕೊಟ್ಟು, ಬಿಸಿಲಿನಲ್ಲಿ ನಿಲ್ಲಿಸಿಯೇ ಒಪ್ಪಿಕೊಳ್ಳಿ.

ಪಟ್ಟಿ ಕೈಗೆ ಬಂದ ಮೇಲೆ ಗುದ್ದಿದವರಿಗೆ ಫೋನ್ ಮಾಡಿ. "ಸಾರ್, ಬಿಚ್ಚಿಸಿ ನೋಡಿದೆ, ಒಳಗೆ ಬ್ರಾಕೆಟ್ ಹೋಗಿದೆ, ಇಷ್ಟಾಗುತ್ತದೆ, ನೀವೇ ಬಂದು ನೋಡಿ ಬೇಕಾದರೆ" ಎಂದು ಸಮಾಧಾನವಾಗಿ ಹೇಳಿ, ಚಿತ್ರವನ್ನೂ ಪಟ್ಟಿಯನ್ನೂ ಕಳುಹಿಸಿ. ಮೈಸೂರಿನ ಜನ ರಸ್ತೆಯಲ್ಲಿ ಎಷ್ಟೇ ಕೂಗಾಡಿದರೂ ಬರವಣಿಗೆಯ ಮುಂದೆ ಸ್ವಲ್ಪ ಮೆತ್ತಗಾಗುತ್ತಾರೆ. ಹಣವನ್ನು ಫೋನಿನಲ್ಲೇ ಹಾಕಿಸಿಕೊಳ್ಳಿ, ದಾಖಲೆ ಉಳಿಯುತ್ತದೆ. "ಇನ್ನು ಯಾವ ತಕರಾರೂ ಇಲ್ಲ" ಎಂದು ಪೂರ್ತಿ ಹಣ ಬರುವ ಮೊದಲು ಯಾವ ಚೀಟಿಗೂ ಸಹಿ ಹಾಕಬೇಡಿ. ಅವರು ಅರ್ಧ ಮಾತ್ರ ಕೊಟ್ಟರೂ ನಾನಾದರೆ ಮಿಕ್ಕದ್ದನ್ನು ಕೈಯಿಂದ ಹಾಕುತ್ತೇನೆ. ನಿಮ್ಮ ಕಾರು ಯಾವುದೆಂದು ನೀವು ಬರೆದಿಲ್ಲ. ಸಣ್ಣ ಕಾರಿಗೆ, ಒಟ್ಟು ಹತ್ತು ಸಾವಿರದೊಳಗಿನ ಕೆಲಸಕ್ಕೆ ಕ್ಲೈಮ್ ಮಾಡುವುದು ನಷ್ಟವೇ. ಆದರೆ ಬಿಚ್ಚಿದಾಗ ದೀಪದ ಗೂಡು, ಡಿಕ್ಕಿ ಬಾಗಿಲು, ಅಡ್ಡಪಟ್ಟಿ ಮೂರೂ ಕೆಟ್ಟಿವೆ ಎಂದಾದರೆ ಬೋನಸ್ ಮೇಲಿನ ಮಮಕಾರ ಬಿಟ್ಟು ಕ್ಲೈಮ್ ಮಾಡಿ. ಆರ್‌ಸಿ, ಪಾಲಿಸಿ, ಆಗ ಓಡಿಸುತ್ತಿದ್ದವರ ಡ್ರೈವಿಂಗ್ ಲೈಸೆನ್ಸ್ ಬೇಕಾಗುತ್ತದೆ. ನಡೆದದ್ದನ್ನು ನಡೆದ ಹಾಗೆಯೇ ಬರೆಯಿರಿ. "ಪಾರ್ಕ್ ಮಾಡಿದ್ದಾಗ ಯಾರೋ ಗುದ್ದಿದರು ಎಂದು ಬರೆಯಿರಿ ಸಾರ್, ಸುಲಭ" ಎಂದು ಹೇಳಿಕೊಡುವವರು ಸಿಗುತ್ತಾರೆ. ಕೇಳಬೇಡಿ, ಮುಂದೆ ಸಿಕ್ಕಿಬೀಳುವವರು ನೀವು. ಕಂಪನಿ ಅನ್ಯಾಯವಾಗಿ ತಳ್ಳಿಹಾಕಿದರೆ ಮೊದಲು ಅದರ ಕುಂದುಕೊರತೆ ವಿಭಾಗಕ್ಕೆ ಬರೆದು, ಆಮೇಲೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಶುಲ್ಕವಿಲ್ಲ.

ಇನ್ನೊಂದು ಮಾತು. ಈ ಘಟನೆಯಾದ ಮೇಲೆ ಯಾರಾದರೂ "ಹಿಂದೆ ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಿಬಿಡಿ" ಎನ್ನುತ್ತಾರೆ. ಅದು ಕಾನೂನುಬಾಹಿರ, 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅವುಗಳ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಬರೆದಿದೆ. ಮುಂದಿನ ಗಾರ್ಡ್ ಏರ್‌ಬ್ಯಾಗ್ ಬಿಚ್ಚಿಕೊಳ್ಳುವುದಕ್ಕೂ ಅಡ್ಡಿಯಾಗಬಹುದು.

ಕಾರು ವಾಪಸು ತೆಗೆದುಕೊಳ್ಳುವಾಗ ಬಂಪರಿನ ಎರಡೂ ಮೂಲೆಗಳನ್ನು ಅಂಗೈಯಿಂದ ಒತ್ತಿ ನೋಡಿ. ಟಕ್ ಎಂದು ಅಲುಗಾಡಿದರೆ ಕ್ಲಿಪ್ ಕೂತಿಲ್ಲ. ಕ್ಲಿಪ್ಪಿನ ಜಾಗದಲ್ಲಿ ಸ್ಕ್ರೂ ಕಾಣಿಸಿದರೆ ಅಲ್ಲಿಯೇ ಬಿಚ್ಚಿಸಿ ಸರಿ ಮಾಡಿಸಿಕೊಂಡು, ಆಮೇಲೆ ಹಣ ಎಣಿಸಿ.